ಕೆಮ್ಮಿನ ಲೆಕ್ಕ

ಸೆನ್ಕು ನದಿಯ ಮೇಲ್ದಂಡೆಯಲ್ಲಿ ಜೂನ್ ಎಂದರೆ ಹಿಮ.
ಪುಸೆಲೆಟ್ಸೊ ಕುದುರೆ ಇಳಿದು, ಕಂಬಳಿಯ ಪಿನ್ನು ಬಿಚ್ಚಿ,
ಎದೆಯ ಬಿಸಿಯಲ್ಲಿಟ್ಟಿದ್ದ ಫೋನು ತೆಗೆದು ನನ್ನ ಕೈಗಿತ್ತಳು:
"ತೆರೆಯೋದಿಲ್ಲ. ನಿನ್ನ ಕೂಸು, ನೀನೇ ನೋಡಿಕೋ."

ನಾನು ಮಸೇರುವಿನಿಂದ ಎರಡು ದಿನದ ಹಾದಿ ಬಂದವನು.
ಹೌದು, ಆ್ಯಪ್ ನನ್ನದೇ.
ಹಳ್ಳಿ ಹಳ್ಳಿ ತಿರುಗಿ ಕ್ಷಯದ ಸುಳಿವು ಹಿಡಿಯುವ ಆ್ಯಪ್:
ಹೆಸರು, ವಯಸ್ಸು, ಎಷ್ಟು ವಾರದಿಂದ,
ಆಮೇಲೆ ಬಾಯ ಮುಂದೆ ಫೋನು ಹಿಡಿದು
ಮೂರು ಸಲ ಕೆಮ್ಮಿಸುವುದು.
ಕೆಮ್ಮು ಪಟ್ಟಣದ ಡಾಕ್ಟರ ಕಿವಿಗೆ ಮುಟ್ಟಬೇಕು, ಸಿಗ್ನಲ್ ಸಿಕ್ಕಾಗ.
ಸಿಗ್ನಲ್ ಸಿಗುವುದು ಗುಡ್ಡದ ನೆತ್ತಿಯಲ್ಲಿ, ಒಂದೇ ಗೆರೆ,
ಅದೂ ಗಾಳಿ ಒಪ್ಪಿದರೆ.

ನನ್ನ ಜಾಣತನ ಕೇಳಿ.
ಹೆಸರಿನ ಪಕ್ಕದ ಖಾನೆಯಲ್ಲೇ ಕೆಮ್ಮನ್ನೂ ತುರುಕಿದ್ದೆ.
ಒಂದೇ ಸಾಲು, ಒಂದೇ ಡೇಟಾಬೇಸ್, ಎಷ್ಟು ಅಚ್ಚುಕಟ್ಟು
ಎಂದು ಆಫೀಸಿನಲ್ಲಿ ಬೆನ್ನು ತಟ್ಟಿಸಿಕೊಂಡಿದ್ದೆ.
ಈಗ ನೂರಾ ನಲವತ್ತು ಜನರ ಪಟ್ಟಿ ತೋರಿಸು ಎಂದರೆ
ಬಡಪಾಯಿ ಫೋನು ಹೆಸರುಗಳ ಜೊತೆಗೆ
ನೂರಾ ನಲವತ್ತು ಎದೆಗೂಡುಗಳನ್ನೂ ಎತ್ತಲು ಹೋಗಿ
ಏದುಸಿರು ಬಿಟ್ಟು ಕುಸಿಯುತ್ತದೆ.
ಮೆಮೊರಿ ಸಾಲದು, ಇಷ್ಟೇ ಅದರ ಕೊನೆಯ ಮಾತು.

ಕೆಲವನ್ನು ಅಳಿಸಿ ನೋಡಿದೆ, ಈಗಾಗಲೇ ಊರು ಸೇರಿದ್ದವನ್ನು.
ಎಳ್ಳಷ್ಟೂ ಜಾಗ ಬಿಡಲಿಲ್ಲ.
ಜಗ್ಗಿದ ಸ್ವೆಟರಿನ ಹಾಗೆ ಡೇಟಾಬೇಸ್,
ತೊಟ್ಟವನು ಬಡಕಲಾದರೂ ತಾನು ಕುಗ್ಗದು.
ಕುಗ್ಗಿಸುವ ಆಜ್ಞೆ ಒಂದಿದೆ. ಅದಕ್ಕೆ
ಈಗಿರುವಷ್ಟೇ ಜಾಗ ಇನ್ನೊಮ್ಮೆ ಖಾಲಿ ಬೇಕಂತೆ.
ಖಾಲಿ ಇದ್ದಿದ್ದರೆ ನಾನೇಕೆ ಈ ಚಳಿಗೆ ಬರುತ್ತಿದ್ದೆ?

ಉಣ್ಣೆಯ ಶೆಡ್ಡಿನ ಮೂಲೆಯಲ್ಲಿ ಕೂತು
ಮೂರು ಗಂಟೆ ನನ್ನನ್ನೇ ಬೈದುಕೊಂಡೆ.
ಹಿಮಕ್ಕೆ ಲಾರಿ ಬಾರದೆ ಬೇಲುಗಳು ಮಾಡಿನವರೆಗೆ ಪೇರಿದ್ದವು.
ಪುಸೆಲೆಟ್ಸೊ ಎದುರಿಗೆ ಲೆಕ್ಕದ ಪುಸ್ತಕ ಬರೆಯುತ್ತಿದ್ದಳು;
ಕೆಮ್ಮು ಹಿಡಿಯುವುದಕ್ಕೆ ಸಂಬಳವಿಲ್ಲ, ಶೆಡ್ಡಿನ ಗುಮಾಸ್ತಿಕೆಗೆ ಉಂಟು.
ತೊಂದರೆ ಏನೆಂದಳು. ಹೇಳಿದೆ. ನಕ್ಕಳು.

"ಉಣ್ಣೇನ ಯಾರಾದ್ರೂ ಪುಸ್ತಕಕ್ಕೆ ಅಂಟಿಸ್ತಾರಾ?
ಇಲ್ಲಿ ನೋಡು. ಬೇಲಿನ ನಂಬರು, ತೂಕ, ಯಾವ ಮೂಲೆ.
ಉಣ್ಣೆ ಅಗೋ, ಅಲ್ಲಿ."

ಅಗೋ, ಅಲ್ಲಿ.
ಕಿವಿ ಬಿಸಿಯಾಯಿತು, ಆ ಚಳಿಯಲ್ಲೂ.

ರಾತ್ರಿ ಸೀಮೆಎಣ್ಣೆ ಒಲೆಯ ಪಕ್ಕ ಕೇಬಲ್ ಸಿಕ್ಕಿಸಿ
ಎಲ್ಲವನ್ನೂ ಲ್ಯಾಪ್‌ಟಾಪಿಗೆ ಇಳಿಸಿ, ಒಂದೊಂದೇ ಕೆಮ್ಮನ್ನು
ಅದರ ಸಾಲಿನಿಂದ ಬಿಡಿಸಿ ಬೇರೆ ಫೋಲ್ಡರಿನಲ್ಲಿ ಪೇರಿಸಿದೆ.
ಪುಸ್ತಕದಲ್ಲಿ ಈಗ ನಂಬರು, ತೂಕ, ಯಾವ ಮೂಲೆ.
ಗುಡ್ಡ ಹತ್ತಿದಾಗ ಮೊದಲು ಪುಸ್ತಕ ಹೊರಡುತ್ತದೆ, ಹಗುರ;
ಕೆಮ್ಮು ಹಿಂದಿನಿಂದ, ತುಂಡು ತುಂಡಾಗಿ,
ಸಿಗ್ನಲ್ ಕಡಿದಲ್ಲಿಂದಲೇ ಮತ್ತೆ ಮುಂದಕ್ಕೆ.
ಮುಟ್ಟಿತು ಎಂದು ಅತ್ತಣಿಂದ ಮಾತು ಬಂದ ಮೇಲೆ
ಇತ್ತಣದು ಅಳಿಯುತ್ತದೆ.

"ಎಲ್ಲಾನೂ?"
ಎಲ್ಲವೂ.

ಅವಳ ಬೆರಳು ಪಟ್ಟಿಯ ಮೇಲೆ ಜಾರಿ ಅರವತ್ತೇಳರಲ್ಲಿ ನಿಂತಿತು.
ಸೆಖೋಬೆ, ಐವತ್ತೆರಡು, ಗಡಿಯಾಚೆ ಚಿನ್ನದ ಗಣಿಯಲ್ಲಿ ದುಡಿದವನು,
ಮೇ ತಿಂಗಳಲ್ಲಿ ಮಣ್ಣಾದವನು.
ಫೋಟೋ ಎಂಬುದಿಲ್ಲ ಅವನದು.
ಇರುವುದು ಮೂರು ಕೆಮ್ಮು, ನಡುವೆ ಒಂದು ದನಿ:
"ಸಾಕಾ? ಇನ್ನೊಂದು ಬೇಕಾ?"
ಭಾನುವಾರ ಚರ್ಚು ಮುಗಿಸಿ ಅವನ ಹೆಂಡತಿ
ಬಾಗಿಲಲ್ಲೇ ನಿಂತು ಅದನ್ನು ಕೇಳಿಸಿಕೊಂಡು ಹೋಗುತ್ತಾಳಂತೆ.
ಫೋನು ಕೆಟ್ಟ ಮೇಲೆ ಮೂರು ಭಾನುವಾರ
ಬರಿಗಿವಿಯಲ್ಲಿ ಹೋಗಿದ್ದಾಳಂತೆ.

ಹನ್ನೊಂದು ಎಂಬಿ. ನಿಯಮದಲ್ಲಿ ಇದಕ್ಕೆ ಜಾಗವಿಲ್ಲ.
ಇನ್ನೊಂದು ಕಾಲಮ್ಮು ಸೇರಿಸಿದೆ: ಹೌದು ಅಥವಾ ಇಲ್ಲ.
ನೂರಾ ಮೂವತ್ತೊಂಬತ್ತು ಇಲ್ಲ, ಒಂದು ಹೌದು.
ಕಾಲಮ್ಮಿಗೆ ಹೆಸರು ಹೊಳೆಯದೆ ಬಹಳ ಹೊತ್ತು ಕೂತಿದ್ದು
ಕೊನೆಗೆ 'ಇರಲಿ' ಎಂದಿಟ್ಟೆ.

ಬೆಳಿಗ್ಗೆ ನೆತ್ತಿಯ ಮೇಲೆ ಕುದುರೆಯ ಮೈಗೆ ಆತು ನಿಂತೆವು.
ಮಧ್ಯಾಹ್ನದ ಹೊತ್ತಿಗೆ ಇಪ್ಪತ್ತಾರು ಹೋಗಿದ್ದವು,
ಇಪ್ಪತ್ತೇಳನೆಯದು ಅರ್ಧ. ಗಾಳಿ ಎದ್ದಿತು.
ಅರ್ಧ ಕೆಮ್ಮಿನ ಸಮೇತ ಫೋನನ್ನು ಕಂಬಳಿಯೊಳಗಿಟ್ಟು
ಪಿನ್ನು ಚುಚ್ಚಿಕೊಂಡಳು.
ನಾಳೆ ಬುಧವಾರ, ಎಂದಳು, ಭಾನುವಾರಕ್ಕೆ ನಾಲ್ಕು ದಿನ.